ಹಳೇ ಬುಲೆಟ್, ಜಾವಾ ಕೊಳ್ಳುವ ಮುಂಚೆ ದಾವಣಗೆರೆಯ ಈ ಚಾಚಾಗೆ ಒಮ್ಮೆ ತೋರಿಸಿ

ಹಳೇ ಬೈಕ್ ಮಾರುವವರೆಲ್ಲ ಈಗ 'ಮ್ಯಾಚಿಂಗ್ ನಂಬರ್ ಗಾಡಿ ಸಾರ್' ಅನ್ನುತ್ತಾರೆ. ಕಾರ್ಖಾನೆಯಿಂದ ಚಾಸಿಸ್ ಜೊತೆ ಬಂದ ಎಂಜಿನ್ನೇ ಇನ್ನೂ ಇದೆ ಅಂತ ಅದರ ಅರ್ಥ. ಅಷ್ಟು ಹೇಳಿದ ಕೂಡಲೇ ಬೆಲೆ ಏರುತ್ತದೆ. ಅದು ನಿಜವಾ ಅಂತ ಗಾಡಿ ಮುಂದೆ ಕೂತು ನೋಡಿ ಹೇಳುವವರು ದಾವಣಗೆರೆಯಲ್ಲಿ ನನಗೆ ಸಿಕ್ಕಿದ್ದು ಒಬ್ಬರೇ. ಹಳೇ ಪಿ.ಬಿ. ರಸ್ತೆಯಿಂದ ಒಳಗೆ ಹೋದರೆ ಒಂದು ಸಣ್ಣ ಓಣಿಯಲ್ಲಿ ಅವರ ಗ್ಯಾರೇಜು. ಬೋರ್ಡ್ ಇಲ್ಲ. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ಊರೊಳಗಿನ ಗಾಡಿ ನೋಡೋಕೆ 500 ರೂಪಾಯಿ. ಹಳ್ಳಿಗೆ ಬರಬೇಕಂದ್ರೆ 1,000 ಮತ್ತು ಪೆಟ್ರೋಲ್. ಗಾಡಿ ಸರಿ ಇಲ್ಲ ಅಂತ ಗೊತ್ತಾದರೂ ದುಡ್ಡು ಕೊಡಲೇಬೇಕು. ಅದು ನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮಾರುವವನಿಂದ ಅವರು ಕಮಿಷನ್ ಮುಟ್ಟುವುದಿಲ್ಲ.

ಮಲೇಬೆನ್ನೂರು ಕಡೆ ಒಂದು ಬುಲೆಟ್ ಇತ್ತು. 1970ರ ದಶಕದ 350. ಬಣ್ಣ, ಕ್ರೋಮ್ ಎಲ್ಲ ಫಳಫಳ. ಹೇಳಿದ ಬೆಲೆ 1,80,000. ಆರ್‌ಸಿಯಲ್ಲಿದ್ದ ಎಂಜಿನ್ ನಂಬರಿಗೂ ಗಾಡಿ ಮೇಲಿದ್ದ ನಂಬರಿಗೂ ಒಂದು ಅಂಕಿಯ ವ್ಯತ್ಯಾಸವೂ ಇರಲಿಲ್ಲ. ಅಷ್ಟಕ್ಕೇ ಬೇರೆ ಯಾರಾದರೂ 'ಓಕೆ, ತಗೊಳ್ಳಿ' ಅನ್ನುತ್ತಿದ್ದರು.

ಚಾಚಾ ಅನ್ನಲಿಲ್ಲ. ಎಡಗಡೆ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗದ ಲೋಹದ ಕವಚ) ಮೇಲೆ, ಸಿಲಿಂಡರ್ ಬುಡದಲ್ಲಿ ಇರುವ ನಂಬರಿನ ಜಾಗವನ್ನು ಸೀಮೆಎಣ್ಣೆ ಹಚ್ಚಿದ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರು. ವೈರ್ ಬ್ರಷ್, ಉಪ್ಪಿನ ಕಾಗದ ಹತ್ತಿರಕ್ಕೂ ತರುವುದಿಲ್ಲ, ಗುರುತು ಅಳಿಸಿಹೋಗುತ್ತದಲ್ವಾ. ಆಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ನೇರ ಬೆಳಕಿನಲ್ಲಿ ಏನೂ ಕಾಣದ ಜಾಗದಲ್ಲಿ ಸಣ್ಣ ಸಣ್ಣ ಅರದ ಗೆರೆಗಳು ಎದ್ದು ಬಂದವು. ಸುತ್ತಲಿನ ಅಲ್ಯೂಮಿನಿಯಂ ಮೇಲೆ ಎರಕದ ತರಿ ಹಾಗೇ ಇತ್ತು, ನಂಬರಿನ ಕೆಳಗೆ ಮಾತ್ರ ನುಣ್ಣಗಿತ್ತು. ಪೆನ್ಸಿಲ್ ಪುಡಿ ಉಜ್ಜಿ, ಸೆಲ್ಲೋಟೇಪ್ ಅಂಟಿಸಿ ಪ್ರಿಂಟ್ ತೆಗೆದು ಬಿಳಿ ಹಾಳೆಗೆ ಹಚ್ಚಿದರು. ಆರ್‌ಟಿಒದಲ್ಲಿ ಚಾಸಿಸ್ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆ. ಹಾಳೆ ಮೇಲೆ ನೋಡಿದರೆ ಒಂದೇ ನಂಬರಿನಲ್ಲಿ ಎರಡು ಕಡೆ ಬಂದಿದ್ದ 3 ಎರಡು ಥರ ಇತ್ತು. ಒಂದರ ತಲೆ ದುಂಡಗೆ, ಇನ್ನೊಂದರ ತಲೆ ಚಪ್ಪಟೆ.

"ಅಂಕಿ ಸೊಟ್ಟ ಇದ್ರೆ ಅನುಮಾನ ಪಡಬ್ಯಾಡ್ರಿ, ಕೈಯಾಗ ಪಂಚ್ ಹೊಡೆದ್ರೆ ಸೊಟ್ಟ ಆಗೋದೇ. ಒಂದೇ ಸೆಟ್ಟಿನ ಪಂಚ್ ಹೌದೋ ಅಲ್ಲೋ ಅದನ್ನ ನೋಡ್ರಿ" ಅಂದರು. ಪಂಚ್ ಅಂದರೆ ಸುತ್ತಿಗೆಯಿಂದ ಹೊಡೆದು ಲೋಹದ ಮೇಲೆ ಅಂಕಿ ಮೂಡಿಸುವ ಅಚ್ಚು.

ಇನ್ನೂ ಒಂದು ತೋರಿಸಿದರು. ಬುಲೆಟ್ಟಿನ ಕ್ರ್ಯಾಂಕ್‌ಕೇಸ್ ಎಡ, ಬಲ ಅಂತ ಎರಡು ಹೋಳು. ಎರಡನ್ನೂ ಜೋಡಿಯಾಗಿಯೇ ಮೆಷಿನಿಂಗ್ ಮಾಡಿರುತ್ತಾರೆ. ಜೋಡಿ ಬದಲಾದರೆ ಕೂಡುವ ಗೆರೆ ಒಂದೇ ಮಟ್ಟಕ್ಕೆ ಬರುವುದಿಲ್ಲ. ನನ್ನ ಬೆರಳು ಹಿಡಿದು ಆ ಗೆರೆ ಮೇಲೆ ಉಗುರು ಆಡಿಸಿದರು. ಉಗುರು ತಡೆಯಿತು. ಬಲ ಹೋಳು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು, ಎಡ ಹೋಳು ಹೊಸತು. ಯಾವಾಗಲೋ ಕನೆಕ್ಟಿಂಗ್ ರಾಡ್ ಮುರಿದು ಕೇಸು ಒಡೆದಿರಬೇಕು, ನಂಬರ್ ಇಲ್ಲದ ಹೊಸ ಹೋಳು ತಂದು, ಆ ಜಾಗವನ್ನು ಅರದಿಂದ ನುಣ್ಣಗೆ ಮಾಡಿ ಹಳೇ ನಂಬರು ಹೊಡೆದಿದ್ದಾರೆ ಅಂತ ಅವರ ಲೆಕ್ಕ. ಮಾರುವವನು ಸಿಟ್ಟಾದ. ನಾವು ಚಹಾ ಕುಡಿದು ವಾಪಸ್ ಬಂದೆವು.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. 3 ಎಚ್‌ಪಿ ಪಂಪ್‌ಸೆಟ್ಟಿಗೆ 5 ಎಚ್‌ಪಿ ಪ್ಲೇಟು ಹೊಡೆದು ರೈತರಿಗೆ ಮಾರುವುದನ್ನು ನೋಡಿದ್ದೇನೆ. ಇದೂ ಅಂಥದ್ದೇ ಮೋಸ. ಕೇಸು ಒಡೆಯುವುದು ತಪ್ಪಲ್ಲ, ಬದಲಾಯಿಸುವುದೂ ತಪ್ಪಲ್ಲ. ಬದಲಾಯಿಸಿದ್ದನ್ನು ಆರ್‌ಸಿಯಲ್ಲಿ ಬರೆಸದೆ, ಅದೇ ನಂಬರು ಕುಟ್ಟಿ ಒರಿಜಿನಲ್ ಅನ್ನುವುದು ತಪ್ಪು. ಮುಂದೆ ಆರ್‌ಟಿಒ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವನು ಕೊಂಡವನು.

ನಮ್ಮ ಕಡೆ ಎಂಜಿನ್ ಬದಲಾದ ಗಾಡಿಗಳು ಕಡಿಮೆ ಏನಿಲ್ಲ. ಡೀಸೆಲ್ ಅಗ್ಗ ಅಂತ ಬುಲೆಟ್ಟಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದ ಕಾಲವಿತ್ತು. ಜೀಪಿನ ಪೆಟ್ರೋಲ್ ಹರಿಕೇನ್ ಎಂಜಿನ್ ಇಳಿಸಿ ಡೀಸೆಲ್ ಹಾಕಿಸಿದವರಂತೂ ಬೇಕಾದಷ್ಟು ಜನ. ಆಗ ಗಾಡಿ ದುಡಿಯಬೇಕಿತ್ತು, ಅಷ್ಟೇ. ಅವರನ್ನು ದೂರುವಂತಿಲ್ಲ.

ಆಮೇಲೆ ನಾನು ಕೊಂಡಿದ್ದು ಚಿತ್ರದುರ್ಗದ ಒಬ್ಬ ನಿವೃತ್ತ ಮೇಷ್ಟ್ರ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 1960ರ ದಶಕದ ಗಾಡಿ. ಎಂಜಿನ್ ಮಾತ್ರ ಯೆಜ್ಡಿಯದ್ದು. ಅದೇ ಕಾರ್ಖಾನೆ 1973ರಿಂದ ಯೆಜ್ಡಿ ಹೆಸರಲ್ಲಿ ಬೈಕ್ ಮಾಡಿತು, 1996ರಲ್ಲಿ ಮುಚ್ಚಿತು. ಜಾವಾಕ್ಕೆ ಯೆಜ್ಡಿ ಎಂಜಿನ್ ಕೂರುವುದರಿಂದ ಇಂಥ ಜೋಡಿ ಎಲ್ಲ ಕಡೆ ಸಿಗುತ್ತದೆ. ಮೇಷ್ಟ್ರು ಮೊದಲೇ "ಎಂಜಿನ್ ಬೇರೇದಪ್ಪಾ, ಬುಕ್ಕಿನಾಗ ಬರೆಸೀನಿ" ಅಂದಿದ್ದರು. ಆರ್‌ಟಿಒದ ಬಿ-ಎಕ್ಸ್‌ಟ್ರಾಕ್ಟ್ (ಅವರ ದಾಖಲೆಯಲ್ಲಿರುವ ಗಾಡಿಯ ನೋಂದಣಿ ವಿವರದ ಪ್ರತಿ) ತೆಗೆಸಿ ನೋಡಿದೆವು, ಹೊಸ ಎಂಜಿನ್ ನಂಬರು ನಮೂದಾಗಿತ್ತು. ಚಾಚಾ ಪ್ರಿಂಟ್ ತೆಗೆದು ಅದಕ್ಕೆ ಹೋಲಿಸಿ, ಹ್ಯಾಂಡಲ್ ಕೆಳಗಿನ ನೆಕ್ ಮೇಲಿನ ಚಾಸಿಸ್ ನಂಬರನ್ನೂ ನೋಡಿ, "ಇದು ಸಾಚಾ ಗಾಡಿರಿ" ಅಂದರು. ಒರಿಜಿನಲ್ ಎಂಜಿನ್ ಅಲ್ಲ ಅಂತ ಬೆಲೆ ಎಷ್ಟು ಇಳಿಯಬೇಕು ಅಂತಲೂ ಅವರೇ ಹೇಳಿದರು, ಮೇಷ್ಟ್ರು ಒಪ್ಪಿದರು. ಸುಳ್ಳು ನಂಬರಿನ ಆ ಬುಲೆಟ್ಟಿಗಿಂತ ನನಗೆ ಈ ಜಾವಾನೇ ಸಾವಿರ ಪಾಲು ಮೇಲು.

'ವಿಂಟೇಜ್ ನಂಬರ್ ಸಿಗುತ್ತೆ' ಅಂತ ಆಸೆ ತೋರಿಸುವವರೂ ಇದ್ದಾರೆ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ನಂಬರು ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಆ ನಂಬರು ಸಿಕ್ಕರೆ ದಿನಾ ಓಡಿಸುವಂತೆಯೂ ಇಲ್ಲ. ನನ್ನ ಜಾವಾಕ್ಕೆ ಅದರ ಆಸೆ ಇಲ್ಲ ಅಂತ ಚಾಚಾ ಕೊಳ್ಳುವ ಮುಂಚೆಯೇ ಬಿಡಿಸಿ ಹೇಳಿದ್ದರು.

ಕೊರತೆಗಳೂ ಇವೆ. ಬರಹದಲ್ಲಿ ಏನೂ ಕೊಡುವುದಿಲ್ಲ. ಆ ಪ್ರಿಂಟಿನ ಹಾಳೆ ಮೇಲೆ ತಾರೀಕು ಹಾಕಿ ಸಹಿ ಮಾಡಿ ಅಂದರೂ ಒಪ್ಪಲಿಲ್ಲ. ಇಷ್ಟು ಚೆನ್ನಾಗಿ ನೋಡುವವರು ಒಂದು ಚೀಟಿ ಬರೆದುಕೊಟ್ಟರೆ ಕೊಳ್ಳುವವರಿಗೆ ಎಷ್ಟೋ ಧೈರ್ಯ. ಫೋನ್ ಎತ್ತುವುದು ಕಡಿಮೆ. ಕಾರು ನೋಡುವುದಿಲ್ಲ, ಅಂಬಾಸಿಡರ್ ತಂದವರನ್ನು ವಾಪಸ್ ಕಳಿಸುತ್ತಾರೆ.

ಹೋಗುವುದಾದರೆ ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಆಮೇಲೆ ರಿಪೇರಿ ಗಾಡಿಗಳು ಮುತ್ತಿಕೊಳ್ಳುತ್ತವೆ. ಅಮಾವಾಸ್ಯೆ ದಿನ ಬಾಗಿಲು ಹಾಕಿರುತ್ತದೆ. ಸ್ಮಾರ್ಟ್ ಕಾರ್ಡ್ ಒಂದೇ ಸಾಲದು, ಹಳೇ ಆರ್‌ಸಿ ಪುಸ್ತಕ ಇದ್ದರೆ ಅದನ್ನೂ ತಗೊಳ್ಳಿ, ಬಿ-ಎಕ್ಸ್‌ಟ್ರಾಕ್ಟ್ ಮೊದಲೇ ತೆಗೆಸಿಟ್ಟುಕೊಳ್ಳಿ. ಕಾಗದ ನೋಡದೆ ಅವರು ಟಾರ್ಚ್ ಎತ್ತುವುದಿಲ್ಲ.