ಹನ್ನೆರಡು ವಾರಗಳ ಉಪವಾಸ ಮಾರ್ಗದರ್ಶನ: ದಕ್ಷಿಣ ಬೆಂಗಳೂರಿನ ಒಂದು ಆಹಾರ ಸಲಹಾ ಕೇಂದ್ರದ ಸೇವೆ

ಕಳೆದ ವರ್ಷ ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಅಂಕಿ, 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಂತೆ ಎಂದು ವೈದ್ಯರು ತಿಳಿಸಿದರು. ಆ ಹೊಸ್ತಿಲು ದಾಟಿದ ನನ್ನ ತಂದೆಯವರು ಕೊನೆಯ ವರ್ಷಗಳಲ್ಲಿ ಪಟ್ಟ ಪಾಡನ್ನು ಹತ್ತಿರದಿಂದ ಕಂಡಿದ್ದ ನನಗೆ ಸುಮ್ಮನಿರಲು ಮನಸ್ಸಾಗಲಿಲ್ಲ. ಸ್ನೇಹಿತರೊಬ್ಬರ ಸಲಹೆಯಂತೆ ಈ ಕೇಂದ್ರದ ಇಂಟರ್‌ಮಿಟೆಂಟ್ ಫಾಸ್ಟಿಂಗ್ (ದಿನದ ಕೆಲವು ನಿಗದಿತ ಗಂಟೆಗಳಲ್ಲಿ ಮಾತ್ರ ಉಂಡು ಉಳಿದ ಹೊತ್ತು ಉಪವಾಸವಿರುವ ಕ್ರಮ) ಯೋಜನೆಗೆ ಸೇರಿದೆ. ಹನ್ನೆರಡು ವಾರಗಳಿಗೆ 6,500 ರೂಪಾಯಿ. ಡಯಟೀಷಿಯನ್ ಅವರೊಂದಿಗೆ ಮುಖಾಮುಖಿ ಭೇಟಿ, ವಾರಕ್ಕೊಂದು ಫೋನ್ ಕರೆ ಮತ್ತು ಉಪವಾಸದ ಗಂಟೆ ಎಣಿಸುವ ಒಂದು ಆ್ಯಪ್ ಇದರಲ್ಲಿ ಸೇರಿವೆ.

ಮೊದಲ ಭೇಟಿಯಲ್ಲಿಯೇ ಡಯಟೀಷಿಯನ್ ಮೇಡಂ ಅವರ ಬಗ್ಗೆ ನನಗೆ ವಿಶ್ವಾಸ ಮೂಡಿತು. ಉಪವಾಸದ ಮಾತೆತ್ತುವ ಮೊದಲು ಅವರು ನಾನು ಸೇವಿಸುತ್ತಿದ್ದ ಔಷಧಿಗಳ ವಿವರ ಕೇಳಿದರು, ಮೂರು ದಿನ ತಿಂದದ್ದನ್ನೆಲ್ಲ ಸಮಯ ಸಹಿತ ಬರೆದು ತರಲು ಹೇಳಿದರು. ಬರೆದಾಗಲೇ ನನಗೂ ಗೊತ್ತಾದದ್ದು: ಬೆಳಿಗ್ಗೆ ಆರೂವರೆಯ ಸಕ್ಕರೆ ಹಾಕಿದ ಫಿಲ್ಟರ್ ಕಾಫಿಯಿಂದ ಆರಂಭವಾಗಿ ರಾತ್ರಿ ಹನ್ನೊಂದರ ಹಾಲು, ಬಾಳೆಹಣ್ಣಿನವರೆಗೆ ನನ್ನ ಹೊಟ್ಟೆಗೆ ಹದಿನಾರು ಗಂಟೆಗೂ ಹೆಚ್ಚು ಕಾಲ ಕೆಲಸವಿತ್ತು. ಯಕೃತ್ತಿನಲ್ಲಿ ಶೇಖರವಾದ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸಾಕಷ್ಟು ಕರಗಿ ದೇಹವು ಕೊಬ್ಬನ್ನು ಹೆಚ್ಚಾಗಿ ಬಳಸಲು ಸುಮಾರು ಹನ್ನೆರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬೇಕೆಂಬುದನ್ನು ಅವರು ಬಿಡಿಸಿ ಹೇಳಿದರು. ಆದರೂ ಹದಿನಾರು ಗಂಟೆಯ ಉಪವಾಸಕ್ಕೆ ಒಮ್ಮೆಲೇ ಹಾರಲು ಬಿಡಲಿಲ್ಲ. ಎರಡು ವಾರ ಹನ್ನೆರಡು ಗಂಟೆ, ನಂತರ ಹದಿನಾಲ್ಕು, ಐದನೆಯ ವಾರದಿಂದ ವಾರಕ್ಕೆ ನಾಲ್ಕು ದಿನ ಮಾತ್ರ ಹದಿನಾರು.

ಆ್ಯಪ್ ತಾನಾಗಿ ಸೂಚಿಸುವುದು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗಿನ ಊಟದ ಅವಧಿಯನ್ನು. ಮೇಡಂ ಅದನ್ನು ನನಗಾಗಿ ಬೆಳಿಗ್ಗೆ 10ರಿಂದ ಸಂಜೆ 6ಕ್ಕೆ ಬದಲಿಸಿದರು. ರಾತ್ರಿ ತಡವಾಗಿ ಉಣ್ಣುವುದೇ ನನ್ನ ಮುಖ್ಯ ತೊಂದರೆ ಎಂಬುದು ಅವರ ತೀರ್ಮಾನವಾಗಿತ್ತು. ಕಚೇರಿ ಎಂ.ಜಿ. ರಸ್ತೆಯಲ್ಲಿ, ಮನೆ ಬನಶಂಕರಿಯಲ್ಲಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಮನೆ ಸೇರುವಾಗ ಏಳೂವರೆ ದಾಟಿರುತ್ತದೆ. ಆದ್ದರಿಂದ ಎರಡನೆಯ ಡಬ್ಬಿ ಕಟ್ಟಿಸಿಕೊಂಡು ಹೋಗಿ ಐದೂವರೆಗೆ ಕಚೇರಿಯಲ್ಲೇ ರಾತ್ರಿಯ ಊಟ ಮುಗಿಸಬೇಕಾಯಿತು. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಹಸಿವಲ್ಲ. ಹೆಂಡತಿ, ಮಗಳು ಊಟಕ್ಕೆ ಕುಳಿತಾಗ ನಾನು ಜೀರಿಗೆ ನೀರಿನ ಲೋಟ ಹಿಡಿದು ಪಕ್ಕದಲ್ಲಿ ಕೂರಬೇಕಾಗಿತ್ತು. ಒಂದು ರಾತ್ರಿ ಮಗಳು "ಅಪ್ಪ, ಇವತ್ತಾದರೂ ನಮ್ಮ ಜೊತೆ ಊಟ ಮಾಡಿ" ಎಂದಾಗ ತಟ್ಟೆ ತರಿಸಿಕೊಂಡು ಉಂಡೆ. ಮರುವಾರ ಅದನ್ನು ತಿಳಿಸಿದಾಗ ಮೇಡಂ ಆಕ್ಷೇಪಿಸಲಿಲ್ಲ. ಉಳಿದ ಮೂರು ದಿನಗಳು ಇರುವುದೇ ಅದಕ್ಕೆ, ರಾತ್ರಿ ಎಂಟು ಗಂಟೆಯೊಳಗೆ ಎಲ್ಲರೂ ಒಟ್ಟಿಗೆ ಉಣ್ಣಿರಿ ಎಂದರು. ಈಗ ನಮ್ಮ ಮನೆಯ ಊಟದ ಹೊತ್ತೇ ಒಂದೂವರೆ ಗಂಟೆ ಹಿಂದಕ್ಕೆ ಬಂದಿದೆ.

ಮೊದಲ ಹತ್ತು ದಿನ ಬೆಳಗಿನ ತಲೆನೋವು ಇತ್ತು. ಹಾಲಿನ ಕಾಫಿ ಉಪವಾಸವನ್ನು ಮುರಿಯುತ್ತದೆ ಎಂದು ತಿಳಿದು ಬರೀ ಡಿಕಾಕ್ಷನ್‌ಗೆ ನೀರು ಬೆರೆಸಿ ಕುಡಿಯಲು ಕಲಿತೆ. ಅದರ ಕಹಿಗೆ ನಾಲಿಗೆ ಒಗ್ಗಲು ಒಂದು ತಿಂಗಳು ಬೇಕಾಯಿತು.

ಉಪವಾಸ ಬಿಡುವಾಗ ಏನು ತಿನ್ನಬೇಕು ಎಂಬ ವಿಷಯದಲ್ಲಿ ಈ ಸೇವೆ ನಿಜಕ್ಕೂ ಉತ್ತಮವಾಗಿದೆ. ಹತ್ತು ಗಂಟೆಗೆ, ಎಲ್ಲಕ್ಕಿಂತ ಮೊದಲು, ಹೆಸರುಬೇಳೆ ಕೋಸಂಬರಿ ಅಥವಾ ಮೊಳಕೆ ಕಾಳಿನ ಉಸಲಿ, ಅನಂತರವೇ ತಿಂಡಿ. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ನಮ್ಮ ಅಡುಗೆಮನೆಯಲ್ಲಿ ಇಲ್ಲದ ಒಂದೇ ಒಂದು ಪದಾರ್ಥವನ್ನೂ ಅವರು ಬರೆಯಲಿಲ್ಲ. ಪ್ರೊಟೀನಿನ ಮೇಲೆ ಅವರಿಗಿದ್ದ ಒತ್ತಿಗೂ ಕಾರಣವಿತ್ತು. 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ ನಡೆದ 12 ವಾರಗಳ ಅಧ್ಯಯನವೊಂದು ಪ್ರಕಟವಾಯಿತು. 16:8 ಕ್ರಮ (ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯ ಊಟದ ಅವಧಿ) ಪಾಲಿಸಿದವರ ತೂಕ ಪಾಲಿಸದವರಿಗಿಂತ ಗಮನಾರ್ಹವಾಗಿ ಹೆಚ್ಚು ಇಳಿಯಲಿಲ್ಲ. ಇಳಿದ ತೂಕದಲ್ಲಿಯೂ ಕೊಬ್ಬಲ್ಲದ, ಅಂದರೆ ಸ್ನಾಯು ಮುಂತಾದ ಭಾಗ ಹೆಚ್ಚಿಗೆ ಇತ್ತು. 2022ರಲ್ಲಿ ಪ್ರಕಟವಾದ ಚೀನಾದ ಒಂದು ವರ್ಷದ ಅಧ್ಯಯನದಲ್ಲಿಯೂ, ಅಷ್ಟೇ ಕ್ಯಾಲೊರಿ ಮಿತಿ ಪಾಲಿಸಿದವರಿಗೆ ಹೋಲಿಸಿದರೆ ಗಂಟೆಯ ಕಟ್ಟುಪಾಡಿನಿಂದ ಹೆಚ್ಚಿನ ಲಾಭ ಸಾಬೀತಾಗಲಿಲ್ಲ. ಇದನ್ನು ಹಣ ಪಡೆದ ಕೇಂದ್ರದವರೇ ನನಗೆ ತಿಳಿಸಿದರು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಆ್ಯಪ್‌ನಲ್ಲಿ ಈ ಪ್ರಾಮಾಣಿಕತೆ ಇಲ್ಲ. ಹದಿನಾರನೆಯ ಗಂಟೆ ತುಂಬಿದೊಡನೆ 'ಆಟೋಫಜಿ ಆರಂಭವಾಗಿದೆ' ಎಂಬ ಸಂದೇಶ ಬರುತ್ತದೆ. ಕೋಶಗಳು ತಮ್ಮ ಹಳೆಯ ಭಾಗಗಳನ್ನು ಒಡೆದು ಮರುಬಳಸುವ ಈ ಕ್ರಿಯೆಯ ಬಗೆಗಿನ ಸಂಶೋಧನೆಗೆ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಪ್ರಶಸ್ತಿ ಬಂದದ್ದು ನಿಜ, ಆದರೆ ಅವರ ಮೂಲ ಸಂಶೋಧನೆ ನಡೆದದ್ದು ಯೀಸ್ಟ್ ಕೋಶಗಳಲ್ಲಿ. ನನ್ನ ದೇಹದಲ್ಲಿ ಅದು ಯಾವ ಗಂಟೆಗೆ ಆರಂಭವಾಗುತ್ತದೆ ಎಂದು ಹೇಳಲು ಫೋನಿನಲ್ಲಿರುವ ಗಡಿಯಾರಕ್ಕೆ ಯಾವ ಆಧಾರವೂ ಇಲ್ಲ.

ಇದಕ್ಕಿಂತ ಗಂಭೀರವಾದ ದೂರು ನನ್ನ ಭಾವನವರಿಗೆ ಸಂಬಂಧಿಸಿದ್ದು. ನನ್ನನ್ನು ನೋಡಿ ಅವರು ಡಯಟೀಷಿಯನ್ ಭೇಟಿ ಇಲ್ಲದ, 1,200 ರೂಪಾಯಿಯ ಆ್ಯಪ್ ಯೋಜನೆಗೆ ಸೇರಿದರು. ಅವರು ಮಧುಮೇಹಕ್ಕೆ ಗ್ಲಿಮೆಪಿರೈಡ್ ಸೇವಿಸುವವರು. ಇನ್ಸುಲಿನ್ ಸ್ರವಿಸುವಿಕೆಯನ್ನು ಹೆಚ್ಚಿಸುವ ಆ ಮಾತ್ರೆಯನ್ನು ನುಂಗಿ ಆಹಾರ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸೇರುವ ನಮೂನೆಯಲ್ಲಿ ವಯಸ್ಸು, ತೂಕ, ಎಷ್ಟು ಕಿಲೊ ಇಳಿಯಬೇಕು ಎಂದೆಲ್ಲ ಕೇಳಲಾಗಿತ್ತು. ಔಷಧಿಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಅವರಿಗೆ ಮೈ ಬೆವತು ಕೈ ನಡುಗತೊಡಗಿತು, ಗ್ಲೂಕೋಮೀಟರ್ 58 ತೋರಿಸಿತು. ಅಕ್ಕ ಮನೆಯಲ್ಲೇ ಇದ್ದು ತಕ್ಷಣ ಸಕ್ಕರೆ ನೀರು ಕುಡಿಸಿದ್ದರಿಂದ ಅನಾಹುತ ತಪ್ಪಿತು. ವಿಷಯ ತಿಳಿದ ಮೇಡಂ ಅದೇ ರಾತ್ರಿ ಭಾವನವರಿಗೆ ಕರೆ ಮಾಡಿ, ಉಪವಾಸ ನಿಲ್ಲಿಸಿ ಮರುದಿನವೇ ತಮ್ಮ ವೈದ್ಯರನ್ನು ಕಾಣಲು ಹೇಳಿದರು.

ಹನ್ನೆರಡು ವಾರಗಳ ಕೊನೆಗೆ ನನ್ನ ತೂಕ 81ರಿಂದ 76.5 ಕಿಲೊಗೆ, ಎಚ್‌ಬಿಎ1ಸಿ 5.8ಕ್ಕೆ ಇಳಿದವು. ಇದರಲ್ಲಿ ಗಂಟೆಯ ಪಾಲೆಷ್ಟು, ಬಿಟ್ಟ ಸಕ್ಕರೆಯ ಪಾಲೆಷ್ಟು, ಲಾಲ್‌ಬಾಗ್‌ನ ಬೆಳಗಿನ ನಡಿಗೆಯ ಪಾಲೆಷ್ಟು ಎಂದು ಬೇರ್ಪಡಿಸಲಾರೆ. ಮುಖಾಮುಖಿ ಭೇಟಿಯಿರುವ ಯೋಜನೆಯನ್ನು ಮಧುಮೇಹದ ಹೊಸ್ತಿಲಲ್ಲಿರುವ, ಔಷಧಿ ಸೇವಿಸದ ಯಾರಿಗಾದರೂ ತಮ್ಮ ವೈದ್ಯರನ್ನು ಕೇಳಿಕೊಂಡು ಸೇರಿರೆಂದು ಧೈರ್ಯವಾಗಿ ಹೇಳುತ್ತೇನೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸಕ್ಕರೆಯ ಔಷಧಿ ಸೇವಿಸುವವರು ಬರೀ ಆ್ಯಪ್ ನಂಬಿ ಇದಕ್ಕೆ ಇಳಿಯಲೇಬಾರದು. ಭಾವನವರ ಹಣವನ್ನು ಕೇಂದ್ರದವರು ಮರುಮಾತಿಲ್ಲದೆ ಹಿಂದಿರುಗಿಸಿದರು. ನಮೂನೆಯನ್ನು ತಿದ್ದಬೇಕೆಂದು ನಾನು ಎರಡು ಬಾರಿ ಬರೆದಿದ್ದೇನೆ. ಕಳೆದ ವಾರ ತೆರೆದು ನೋಡಿದಾಗಲೂ ಔಷಧಿಯ ಪ್ರಶ್ನೆ ಅದರಲ್ಲಿ ಸೇರಿರಲಿಲ್ಲ.