ಬಾಸ್ಟನ್ ಮಾದರಿಯ ಬೆನ್ನಿನ ಬ್ರೇಸ್: ಮಗಳು ಎರಡು ವರ್ಷ ಹಾಕಿದ ಮೇಲೆ

ನಮ್ಮದು ಸಕಲೇಶಪುರ. ಮಗಳ ಲಂಗದ ಅಂಚು ಒಂದು ಕಡೆ ಏರುತ್ತಿದೆಯೆಂದು ಮೊದಲು ಹೇಳಿದ್ದು ಬಟ್ಟೆ ಹೊಲಿಯುವ ಅಕ್ಕ. ಮುಂದಕ್ಕೆ ಬಗ್ಗಿಸಿ ನೋಡಿದರೆ ಬೆನ್ನಿನ ಬಲಗಡೆ ದಿಬ್ಬದ ಹಾಗೆ ಎದ್ದಿತ್ತು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು (ಸ್ಕೋಲಿಯೋಸಿಸ್) ಕಂಡಿತು; ಬಾಗು 31 ಡಿಗ್ರಿ. ಆಗವಳಿಗೆ 12 ವರ್ಷ, ದೊಡ್ಡವಳಾಗಿ ಎರಡೇ ತಿಂಗಳು. ಇನ್ನೂ ಬೆಳೆಯುವ ಮಕ್ಕಳಿಗೆ, ಬಾಗು 25ರಿಂದ 40 ಡಿಗ್ರಿಯೊಳಗಿದ್ದರೆ ಬ್ರೇಸ್, ಅಂದರೆ ಮೈಗೆ ಬಿಗಿಯಾಗಿ ಕೂರುವ ಗಟ್ಟಿ ಪ್ಲಾಸ್ಟಿಕ್ ಕವಚ, ಕೊಡುತ್ತಾರೆ. ಸ್ಕೂಲ್ ಬ್ಯಾಗಿನಿಂದ ಬಂತು, ಗೂನಾಗಿ ಕೂತು ಬಂತು ಎಂದು ನೆಂಟರು ಅವಳನ್ನೇ ಗದರಿದ್ದು ನನಗೆ ಇವತ್ತಿಗೂ ನೋವು. ಈ ಸ್ಕೋಲಿಯೋಸಿಸ್‌ಗೆ ಅದ್ಯಾವುದೂ ಕಾರಣವಲ್ಲ.

ಮೊದಲು ಮಾಡಿಸಿದ ಬ್ರೇಸ್ ಕಂಕುಳಲ್ಲಿ ಕೊರೆದು ಗಾಯ ಮಾಡಿತು. "ಅಭ್ಯಾಸವಾಗುತ್ತೆ" ಎಂದು ಕಳಿಸಿಬಿಟ್ಟರು. ಮೂರು ವಾರ ಕಾದು, ಬೆಂಗಳೂರಿನಲ್ಲಿ ಬೇರೆ ಕಡೆ ಹೊಸದಾಗಿ ಅಳತೆ ಕೊಟ್ಟೆವು. ಅವರು ಬ್ರೇಸ್ ತೊಡಿಸಿಯೇ ಎಕ್ಸ್‌ರೇ ತೆಗೆಸಿದರು: 31 ಇದ್ದದ್ದು 15! ತೊಟ್ಟಾಗ ಅರ್ಧದಷ್ಟು ನೆಟ್ಟಗಾದರೆ ಒತ್ತು ಸರಿಯಾದ ಜಾಗಕ್ಕೆ ಬೀಳುತ್ತಿದೆ ಅಂತ ಲೆಕ್ಕ. ಈ ಎಕ್ಸ್‌ರೇ ನೋಡದೆ ಪೂರ್ತಿ ಹಣ ಕೊಡಬೇಡಿ.

ಆಮೇಲೆ ಎಲ್ಲವೂ ಗಂಟೆಗಳ ಮಾತು. ಹೇಳಿದ್ದು ದಿನಕ್ಕೆ 18. ಮಗಳು ಕ್ಯಾಲೆಂಡರಿನಲ್ಲಿ ತಾನೇ ಬರೆದಿಟ್ಟಳು; ಸರಾಸರಿ 15 ಬಂತು. ಅಮೆರಿಕ, ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಗು 50 ಡಿಗ್ರಿ (ಆಪರೇಷನ್ ಯೋಚಿಸುವ ಮಟ್ಟ) ಮುಟ್ಟದೆ ಬೆಳವಣಿಗೆ ಮುಗಿಸಿದವರು ಬ್ರೇಸ್ ಹಾಕಿದವರಲ್ಲಿ ಶೇ. 72, ಹಾಕದವರಲ್ಲಿ ಶೇ. 48. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಹಾಕಿದವರಲ್ಲಿ ಶೇ. 90 ದಾಟಿತ್ತು. ಅವಳು ಅತ್ತ ರಾತ್ರಿಗಳಲ್ಲಿ ನಾನು ಹಿಡಿದುಕೊಂಡಿದ್ದು ಈ ಅಂಕಿಯನ್ನೇ.

ಒಳಗೆ ಹಾಕುವ ಹತ್ತಿ ಬನಿಯನ್‌ಗೆ ಪಕ್ಕದಲ್ಲಿ ಹೊಲಿಗೆ ಇರಬಾರದು. ನಮ್ಮ ಮಳೆಗಾಲಕ್ಕೆ ಮೂರು ಸಾಲದು, ಆರೇಳು ಬೇಕು. ತೇವದ ಬನಿಯನ್ ಹಾಕಿದ ಒಂದೇ ದಿನಕ್ಕೆ ಸೊಂಟದ ಚರ್ಮ ಕೆಂಪಾಗಿತ್ತು. ಬ್ರೇಸ್ ಒತ್ತುವ ಜಾಗಕ್ಕೆ ಎಣ್ಣೆ, ಕ್ರೀಮು ಹಚ್ಚಬೇಡಿ, ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ಉದ್ದ ಬೆಳೆದಂತೆ ಇದೂ ಚಿಕ್ಕದಾಯಿತು, 14 ತಿಂಗಳಿಗೆ ಮತ್ತೊಂದು ಮಾಡಿಸಿದೆವು. ಆ ಖರ್ಚಿಗೂ ತಯಾರಿರಿ.

ಕಳೆದ ತಿಂಗಳ ಎಕ್ಸ್‌ರೇ, ಬ್ರೇಸ್ ಇಲ್ಲದೆ: 33. ಅಳತೆಯಲ್ಲೇ ಐದು ಡಿಗ್ರಿ ಆಚೀಚೆ ಆಗುವುದರಿಂದ ಇದು ನಿಂತಿದೆ ಅಂತಲೇ ಅರ್ಥ. ನೆಟ್ಟಗಾಗಲಿಲ್ಲ, ಆಗುತ್ತದೆಂದು ಯಾರೂ ಹೇಳಿರಲೂ ಇಲ್ಲ. ಆಪರೇಷನ್ ಮಾತು ಬರಲಿಲ್ಲ, ನಮಗೆ ಬೇಕಿದ್ದುದು ಅದೇ. ಈಗ ರಾತ್ರಿ ಮಾತ್ರ ಹಾಕುತ್ತಾಳೆ. ಪೂರ್ತಿ ಬಿಟ್ಟ ಆರು ತಿಂಗಳಿಗೆ ಮತ್ತೊಂದು ಎಕ್ಸ್‌ರೇ ಇದೆ, ಅದನ್ನೂ ಇಲ್ಲೇ ಬರೆಯುತ್ತೇನೆ.