ಅವ್ವನನ್ನು ಬಿಡು ಅಂದ ಕೌನ್ಸೆಲಿಂಗ್: ಹುಬ್ಬಳ್ಳಿಯವರು ಒಮ್ಮೆ ಓದಿ

ಅವ್ವನಿಗೆ ಲಕ್ವಾ ಹೊಡೆದು ಎರಡು ವರ್ಷ. ಬಲಗಡೆ ಪೂರ್ತಿ ಹೋಗಿದೆ. ನೋಡಿಕೊಳ್ಳುವವಳು ನಾನೊಬ್ಬಳೇ. ನಿದ್ದೆ ಇಲ್ಲ, ಸುಮ್ಸುಮ್ನೆ ಸಿಟ್ಟು. ಅದಕ್ಕೇ ಹುಬ್ಬಳ್ಳಿಯಲ್ಲಿ ಒಬ್ಬ ಖಾಸಗಿ ಕೌನ್ಸೆಲರ್ ಹತ್ತಿರ ಹೋದೆ. ಒಂದು ಸಲಕ್ಕೆ 800 ರೂಪಾಯಿ.

ನಾನು ಕೇಳಿದ್ದು ಇಷ್ಟೇ: ರಾತ್ರಿ ನಿದ್ದೆ ಬರಬೇಕು, ಅವ್ವನ ಮೇಲೆ ರೇಗಬಾರದು. ಎರಡನೇ ಸಲಕ್ಕೇ ಮೇಡಂ ತೀರ್ಮಾನ ಮಾಡಿಬಿಟ್ಟಿದ್ದರು. "ನಿಮಗಿರೋದು ಪ್ರೀತಿ ಅಲ್ಲ, ಗಿಲ್ಟ್. ಅವರನ್ನ ವೃದ್ಧಾಶ್ರಮಕ್ಕೆ ಸೇರಿಸಿ." ಸಿದ್ಧಾರೂಢ ಮಠದಲ್ಲಿ ಸ್ವಲ್ಪ ಹೊತ್ತು ಕೂತರೆ ಮನಸ್ಸು ಹಗುರಾಗುತ್ತೆ ಅಂದೆ. ಅದು ಸಮಸ್ಯೆಯಿಂದ ಓಡಿಹೋಗೋದು ಅಂದರು. "ಅವ್ವನ್ನ ಬಿಡಾಕ ಬಂದಿಲ್ರಿ ಮೇಡಂ" ಅಂದರೆ ಅದನ್ನೂ ಕಾಯಿಲೆ ಅನ್ನೋ ಹಾಗೆ ಬರೆದುಕೊಂಡರು. ಕೊನೆಗೆ ‘ಮೊದಲು ನಾನು’ ಅಂತ ಚೀಟಿ ಬರೆದುಕೊಟ್ಟು, ದಿನಾ ಕನ್ನಡಿ ಮುಂದೆ ಹತ್ತು ಸಲ ಹೇಳಿ ಅಂದರು.

ಹೇಳಿದೆ. ಒಂದು ಬೆಳಿಗ್ಗೆ ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸುವಾಗ ಅವ್ವನ ಬಾಯಿಂದ ಸೋರಿ ಸೀರೆ ಮೇಲೆ ಬಿತ್ತು. ತಾಟು ಕುಕ್ಕಿ, "ನನಗೂ ಒಂದು ಜೀವನ ಐತಿ" ಅಂತ ಚೀರಿದೆ. ಅವ್ವ ಏನೂ ಅನ್ನಲಿಲ್ಲ. ಎಡಗೈಯಿಂದ ಸೆರಗು ಒರೆಸಿಕೊಳ್ಳಲು ನೋಡುತ್ತಿದ್ದಳು.

ಥೆರಪಿ ಮಾಡುವವರಿಗೂ ಅವರದೇ ನಂಬಿಕೆ ಇರುತ್ತೆ, ಅಲ್ವಾ? ಇರಲಿ. ವೃದ್ಧಾಶ್ರಮ ಕೆಲವರಿಗೆ ಸರಿಯಾದ ದಾರಿಯೂ ಹೌದು. ಆದರೆ ತಮ್ಮ ನಂಬಿಕೆಗೆ ಚಿಕಿತ್ಸೆ ಅಂತ ಹೆಸರಿಟ್ಟು ಸೋತು ಬಂದವರ ತಲೆಗೆ ಕಟ್ಟಬಾರದು. ಗಂಡ ಹೊಡೆದರೂ ಹೊಂದಿಕೊಂಡು ಹೋಗು ಅನ್ನುವವರು ಮಾಡೋದೂ ಇದನ್ನೇ. ಊರಿನ ರೀತಿ ನೀತಿಗೆ, ಧರ್ಮದ ನಂಬಿಕೆಗೆ ಹೊಂದುತ್ತಿಲ್ಲ ಅನ್ನೋ ಕಾರಣಕ್ಕೆ ಯಾರನ್ನೂ ಮಾನಸಿಕ ಕಾಯಿಲೆಯವರು ಅನ್ನಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ.

ಆಮೇಲೆ ಚಿಗರಿ ಬಸ್ ಹತ್ತಿ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆ. ಅಲ್ಲಿ ಮೊದಲು ಕೇಳಿದ್ದು, "ಅವ್ವನ್ನ ನೀವೇ ನೋಡ್ಕೋಬೇಕು ಅಂತ ಯಾಕನಸ್ತದ?" ಅಂತ. ಅರ್ಧ ತಾಸು ಮಾತಾಡಿದೆ, ಜಾಸ್ತಿ ಅತ್ತೆ. ಹಾವೇರಿಯ ಅಣ್ಣನನ್ನು ಭಾನುವಾರ ಕರೆಸಬಹುದಲ್ಲ ಅಂತ ಹೊಳೆದದ್ದೂ ಅಲ್ಲೇ. ಈಗ ಬರುತ್ತಿದ್ದಾನೆ. ನಾಳೆ ಅವನು ಬರ್ತಾನೆ ಅಂತ ಶನಿವಾರ ರಾತ್ರಿ ನಿದ್ದೆ ಬರುತ್ತೆ.

ಹೋಗುವ ಮುಂಚೆ ಅವರ ಓದು ಏನು ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳಿ. ನಾನು ಸಂಕೋಚಪಟ್ಟು ಕೇಳಲೇ ಇಲ್ಲ. "ಇದು ಚಿಕಿತ್ಸೆನಾ, ನಿಮ್ಮ ಅಭಿಪ್ರಾಯನಾ?" ಅಂದಾಗ ಸಿಟ್ಟಾದರೆ ಎದ್ದು ಬನ್ನಿ. ದುಡ್ಡಿನ ತೊಂದರೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.